ವೆಟ್ ಟೈರ್ ಹಾಕಿಸಿದ್ರೆ ಮುಗೀತಾ?

ಅಮೆರಿಕದ ಆಸ್ಟಿನ್ ಕಡೆ ಟ್ರ್ಯಾಕ್ ಡೇಗಳಲ್ಲಿ, ಅಂದ್ರೆ ಜನ ತಮ್ಮ ಸ್ವಂತ ಕಾರನ್ನ ರೇಸ್ ಟ್ರ್ಯಾಕಲ್ಲಿ ಓಡಿಸೋ ದಿನಗಳಲ್ಲಿ, ಪಕ್ಕದ ಸೀಟಲ್ಲಿ ಕೂತು ಡ್ರೈವಿಂಗ್ ಹೇಳಿಕೊಡೋ ಕೆಲಸ ನಂದು. ಮಳೆ ಬರುತ್ತೆ ಅಂತ ಗೊತ್ತಾದ್ರೆ ಸಾಕು ಹಿಂದಿನ ರಾತ್ರಿನೇ ಮೆಸೇಜ್ ಶುರು, ಅದರಲ್ಲಿ ನಮ್ಮ ಕನ್ನಡದ ಹುಡುಗರೂ ಇರ್ತಾರೆ, "ಸಾರ್ ಹೊಸ ಟೈರ್ ಹಾಕಿಸಿದೀನಿ, ಮಳೆಲೂ ಸೂಪರ್ ಗ್ರಿಪ್ಪಂತೆ, ತೊಂದ್ರೆ ಇಲ್ಲ ಅಲ್ವಾ?" ವೈಪರ್ ರಬ್ಬರ್ ಹೆಂಗಿದೆಯಪ್ಪಾ ಅಂದ್ರೆ ನಗ್ತಾರೆ.

ಇವರಿಗೆಲ್ಲ 2021ರ ಮೇ 23ರ ರೇಸ್ ನೋಡಿ ಅಂತೀನಿ. ಇಲ್ಲೇ ಸರ್ಕ್ಯೂಟ್ ಆಫ್ ದಿ ಅಮೆರಿಕಾಸ್‌ನಲ್ಲಿ ಅಮೆರಿಕದ ದೊಡ್ಡ ಕಾರ್ ರೇಸ್ ಸರಣಿ ನಾಸ್ಕಾರ್ ಕಪ್ ಸೀರೀಸ್ ಮೊದಲನೇ ಸಲ ಓಡಿದ್ದು, 20 ತಿರುವಿನ ಟ್ರ್ಯಾಕು, ಅವತ್ತು ಸುರಿದ ಮಳೆ ಮಾತ್ರ ಕೇಳ್ಬೇಡಿ. ಕಾರುಗಳಿಗೆ ಗುಡ್‌ಇಯರ್ ವೆಟ್ ಟೈರ್, ಅಂದ್ರೆ ಮಳೆಗೇ ಅಂತ ಮಾಡಿದ ಟೈರ್ ಇತ್ತು, ವೈಪರ್ ಇತ್ತು. ಆದ್ರೂ ದೊಡ್ಡ ಅಪಘಾತ ಎಲ್ಲಾಯ್ತು? ತಿರುವಲ್ಲಿ ಜಾರಿ ಅಲ್ಲ ಸ್ವಾಮಿ, ಟ್ರ್ಯಾಕಿನ ಹಿಂಭಾಗದ ಉದ್ದ ನೇರ ರಸ್ತೇಲಿ. ನೀರಿನ ಸಿಂಚನದಲ್ಲಿ ಮುಂದೆ ಕಾಣದೆ ಮಾರ್ಟಿನ್ ಟ್ರೂಎಕ್ಸ್ ಜೂನಿಯರ್ ಮುಂದಿದ್ದ ಮೈಕಲ್ ಮೆಕ್‌ಡೊವೆಲ್ ಕಾರಿಗೆ ಗುದ್ದಿದ್ರು, ಹಿಂದಿಂದ ಬಂದ ಕೋಲ್ ಕಸ್ಟರ್ ಟ್ರೂಎಕ್ಸ್ ಕಾರಿನ ಅಡಿಗೇ ನುಗ್ಗಿಬಿಟ್ರು, ಬೆಂಕಿನೂ ಹತ್ತಿಕೊಳ್ತು. ಪುಣ್ಯಕ್ಕೆ ಟ್ರೂಎಕ್ಸ್, ಕಸ್ಟರ್ ಇಬ್ಬರೂ ಇಳಿದು ನಡ್ಕೊಂಡು ಬಂದ್ರು.

ಈಗ ಇದನ್ನ ಸ್ವಲ್ಪ ನಿಧಾನಕ್ಕೆ ಓದಿ, ಯಾಕಂದ್ರೆ ಹತ್ತು ಸಲ ಹೇಳಿದ್ರೂ ತಲೆಗೆ ಹೋಗದೇ ಇರೋದು ಇದೊಂದೇ. ವೆಟ್ ಟೈರ್ ನೀರನ್ನ ಮಾಯ ಮಾಡಲ್ಲ. ತನ್ನ ಮೇಲಿರೋ ಗ್ರೂವ್‌ಗಳಿಂದ (ಗೀರುಗಳಿಂದ) ರಸ್ತೆ ಮೇಲಿನ ನೀರನ್ನ ಎತ್ತಿ ಹಿಂದಕ್ಕೆ ಎಸೆಯುತ್ತೆ, ಆ ನೀರು ಹಿಂದಿರೋನ ಗಾಜಿಗೆ ಹೋಗುತ್ತೆ. ಫಾರ್ಮುಲಾ ಒನ್‌ನ ಒಂದು ಫುಲ್ ವೆಟ್ ಟೈರ್ 300 ಕಿಮೀ ಸ್ಪೀಡಲ್ಲಿ ಸೆಕೆಂಡಿಗೆ ಸುಮಾರು 85 ಲೀಟರ್ ನೀರು ಎತ್ತುತ್ತೆ ಅಂತ ಆ ಟೈರ್ ಮಾಡೋ ಪಿರೆಲ್ಲಿಯವರೇ ಹೇಳ್ತಾರೆ. ಅಂದ್ರೆ ಟೈರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೋ ಹಿಂದಿರೋನು ಅಷ್ಟು ಕುರುಡ. ನಿಮಗೆ ಹಿಡಿತ ಸಿಕ್ಕಿತು ಅಂತ ಗ್ಯಾಸ್ (ಆಕ್ಸಿಲರೇಟರ್) ಒತ್ತುತೀರ, ಆದ್ರೆ ಕಾಣೋದು? ಮಳೆಗಾಲದಲ್ಲಿ ಶಿರಾಡಿ ಘಾಟಲ್ಲಿ ಲಾರಿ ಹಿಂದೆ ಸಿಕ್ಕಿಹಾಕೊಂಡೋರಿಗೆ ಇದು ಗೊತ್ತಿರುತ್ತೆ, ಇಲ್ಲಿ ಅದರ ಮೂರ್ನಾಲ್ಕು ಪಟ್ಟು ಸ್ಪೀಡು ಅಷ್ಟೇ. ಲೆಕ್ಕ ಹಾಕಿ, ಗಂಟೆಗೆ 216 ಕಿಮೀ ಅಂದ್ರೆ ಸೆಕೆಂಡಿಗೆ 60 ಮೀಟರ್. ಮುಂದೆ 30 ಮೀಟರ್ ಮಾತ್ರ ಕಾಣ್ತಿದ್ರೆ ಅರ್ಧ ಸೆಕೆಂಡು ಇದೆ, ಕಾಲು ಬ್ರೇಕ್ ಮೇಲೆ ಹೋಗೋದರೊಳಗೆ ಮುಗೀತು. ತಿರುವಲ್ಲಿ ಎಲ್ಲರೂ ತಾವಾಗೇ ನಿಧಾನ ಮಾಡ್ತಾರೆ, ನೇರ ರಸ್ತೇಲಿ ಯಾರೂ ಮಾಡಲ್ಲ, ಹಾಗಾಗಿ ನಂಗೆ ಅಲ್ಲೇ ಜಾಸ್ತಿ ಭಯ.

ಎಲ್ಲಾ ಟ್ರ್ಯಾಕಿಗೂ ಎಲ್ಲಾ ಮಳೆಗೂ ಇದೇ ಅಂತಲ್ಲ, ನೀರು ನಿಂತ ಕಡೆ ಕಾರು ತೇಲೋದೂ ನಿಜವೇ, ಟೈರ್ ಮುಖ್ಯ ಅಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ 2008ರಲ್ಲಿ ಮಾಂಟ್ರಿಯಲ್‌ನಲ್ಲಿ ನಾಸ್ಕಾರ್‌ನ ಎರಡನೇ ದರ್ಜೆಯ ನೇಷನ್‌ವೈಡ್ ಸೀರೀಸ್ ಮಳೇಲಿ ಓಡಿದಾಗಲೂ ಗೋಳು ಇದೇ ಆಗಿತ್ತು. ಡ್ರೈವರ್ ಕಾರ್ಲ್ ಎಡ್ವರ್ಡ್ಸ್ ಕಿಟಕಿಯಿಂದ ಕೈ ಹೊರಗೆ ಹಾಕಿ ಗಾಜು ಒರೆಸ್ತಿದ್ರು! 74 ಲ್ಯಾಪಿನ ರೇಸ್ 48ಕ್ಕೇ ನಿಲ್ಲಿಸಿದ್ರು, ಗೆದ್ದಿದ್ದು ಕೆನಡಾದವರೇ ಆದ ರಾನ್ ಫೆಲೋಸ್. ಆಸ್ಟಿನ್ ರೇಸೂ ಅಷ್ಟೇ, 68ರಲ್ಲಿ 54ಕ್ಕೆ ಮುಗಿಸಿ ಚೇಸ್ ಎಲಿಯಟ್ ಗೆದ್ರು ಅಂದ್ರು.

ಒಬ್ಬ ಹುಡುಗ, ತುಂಬಾ ಒಳ್ಳೆಯವನು, ಕಾರ್ವೆಟ್ ಓಡಿಸ್ತಾ ಇನ್ನೊಂದು ಕಾರಿನ ಬಾಲ ಹಿಡಿದಿದ್ದ. ಗ್ಯಾಸ್ ಬಿಡಪ್ಪಾ ಅಂದೆ. "ಗ್ರಿಪ್ ಇದೆ ಸಾರ್!" ಸರಿ, ಮುಂದಿರೋ ಕಾರು ಯಾವ ಬಣ್ಣ ಹೇಳು ಅಂದೆ. ಉತ್ತರ ಇಲ್ಲ, ಗ್ಯಾಸ್ ಮಾತ್ರ ಬಿಟ್ಟ.

ಸೋ ಮಳೆ ಇದ್ರೆ ವೈಪರ್ ಹೊಸದು ಹಾಕಿಸಿ, ಗಾಜಿನ ಒಳಭಾಗನೂ ಒರೆಸಿ, ಗಾಜಿನ ಮಂಜು ತೆಗೆಯೋ ಡಿಫಾಗರ್ ಆನ್ ಇರಲಿ, ಮುಂದಿನ ಕಾರಿನ ನೇರಕ್ಕೆ ಹೋಗದೆ ಸ್ವಲ್ಪ ಪಕ್ಕಕ್ಕೆ ಸರಿದು ಓಡಿಸಿ. ಅಷ್ಟಾದ್ರೂ ಕಾಣ್ತಿಲ್ವಾ, ಟ್ರ್ಯಾಕ್ ಬಿಟ್ಟು ಕಾರು ನಿಲ್ಲಿಸೋ ಪಿಟ್‌ಗೆ ಬನ್ನಿ. ನಾನು ಪಕ್ಕದಲ್ಲಿದ್ರೆ ಹೇಗೂ ಕರ್ಕೊಂಡು ಬಂದೇ ಬರ್ತೀನಿ, ಆಮೇಲೆ ಫೀಸ್ ವಾಪಸ್ ಅಂತ ಮಾತ್ರ ಕೇಳ್ಬೇಡಿ.