ಬಾಯಿಗೆ ನೀರು ಬೇಡ, ಮೊದಲು ಉಸಿರು ನೋಡಿ

ಏಪ್ರಿಲ್ ಬಂತೆಂದರೆ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, 'ಬವಳಿ ಬಂದು ಬಿದ್ದಾರ್ರಿ' ಎನ್ನುತ್ತಾ ನಮ್ಮ ಆಸ್ಪತ್ರೆಗೆ ಓಡಿ ಬರುವವರೂ ಜಾಸ್ತಿಯಾಗುತ್ತಾರೆ. ರೋಗಿಯನ್ನು ನೋಡಿದರೆ ಸಾಕು, ಊರಿನವರು ಏನೇನು ಮಾಡಿದ್ದಾರೆ ಅಂತ ಗೊತ್ತಾಗುತ್ತದೆ. ಎದೆಯೆಲ್ಲ ಒದ್ದೆ. ಮುಖಕ್ಕೆ ಉಳ್ಳಾಗಡ್ಡಿ ವಾಸನೆ. ಮುಷ್ಟಿಯಲ್ಲಿ ಕಬ್ಬಿಣದ ಕೀಲಿ. ಎಲ್ಲವೂ ಪ್ರೀತಿಯಿಂದ ಮಾಡಿದ್ದೇ. ಆದರೆ 'ಬಿದ್ದಾಗ ಉಸಿರಾಡುತ್ತಿದ್ದರಾ?' ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ನನಗೆ ಮೊದಲು ಬೇಕಾದ ಉತ್ತರ ಅದೇ. ಭುಜ ತಟ್ಟಿ, ಜೋರಾಗಿ ಕರೆಯಿರಿ. ಓಗೊಡಲಿಲ್ಲವಾ? 108ಕ್ಕೆ ಫೋನ್ ಹೋಗಬೇಕು. 'ಯಾರಾದರೂ ಮಾಡ್ರಿ' ಅಂದರೆ ಯಾರೂ ಮಾಡುವುದಿಲ್ಲ, ಒಬ್ಬರನ್ನು ನೋಡಿ 'ನೀವು ಮಾಡ್ರಿ' ಅನ್ನಿ. ಆಮೇಲೆ ಹಣೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ನಿಮ್ಮ ಕೆನ್ನೆಯನ್ನು ಅವರ ಮೂಗಿನ ಹತ್ತಿರ ಒಯ್ದು ಎದೆ ಏರಿಳಿಯುತ್ತಿದೆಯಾ ಅಂತ 10 ಸೆಕೆಂಡ್ ನೋಡಿ.

ಸುಮ್ನೆ ತಲೆ ಸುತ್ತಿ ಬಿದ್ದವರಾದರೆ ಅಂಗಾತ ಮಲಗಿಸಿ ಕಾಲು ಎತ್ತಿ ಹಿಡಿದರೆ ಒಂದೆರಡು ನಿಮಿಷದಲ್ಲಿ ಎಚ್ಚರವಾಗುತ್ತಾರೆ. ಉಸಿರಿದೆ, ಎಚ್ಚರ ಬರುತ್ತಿಲ್ಲ ಅಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ವಾಂತಿಯಾದರೂ ಹೊರಗೆ ಹೋಗುತ್ತದೆ.

ನೀರಿನ ವಿಷಯಕ್ಕೆ ಬರುತ್ತೇನೆ. ಸಕ್ಕರೆ ಕಾಯಿಲೆಯ ಅಜ್ಜ ಒಬ್ಬರು ಗುಳಿಗೆ ನುಂಗಿ, ಊಟ ಮಾಡದೆ ಹೊಲಕ್ಕೆ ಹೋಗಿ ಬಿದ್ದಿದ್ದರು. ಶುಗರ್ ಇಳಿದಿದೆ ಅಂತ ಮಗ ಅಂದಾಜು ಮಾಡಿದ್ದ. ಅಂದಾಜು ಸರಿಯಿತ್ತು. ಆದರೆ ಎಚ್ಚರವಿಲ್ಲದ ಅಪ್ಪನ ಬಾಯಿಗೆ ಸಕ್ಕರೆ ನೀರು ಹಾಕಿದ. ಎಚ್ಚರವಿಲ್ಲದವರಿಗೆ ನುಂಗಲು ಬರುವುದಿಲ್ಲ, ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಗ್ಲೂಕೋಸ್ ಏರಿಸಿದ ಹತ್ತು ನಿಮಿಷಕ್ಕೆ ಅಜ್ಜ ಕಣ್ಣು ಬಿಟ್ಟರು, ನ್ಯುಮೋನಿಯಾ ವಾಸಿಯಾಗಲು ಒಂಬತ್ತು ದಿನ ಹಿಡಿಯಿತು. ಆ ಮಗನ ಮುಖ ನನಗೆ ಇನ್ನೂ ನೆನಪಿದೆ. ತಾವೇ ಎದ್ದು ಕೂತು, ಲೋಟ ಹಿಡಿಯುವಂತಾದ ಮೇಲೆಯೇ ಕುಡಿಯಲು ಕೊಡಿ.

ಉಸಿರೇ ಇಲ್ಲವಾ? ಅಥವಾ ದಡಕ್ಕೆ ಬಿದ್ದ ಮೀನಿನ ಹಾಗೆ ಆಗಾಗ ಬಾಯಿ ತೆರೆಯುತ್ತಿದ್ದಾರಾ? ಅದನ್ನು ಉಸಿರು ಅಂದುಕೊಂಡು ಕಾಯಬೇಡಿ, ಹೃದಯ ನಿಂತಿದೆ. ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, ಮೊಣಕೈ ಮಡಚದೆ, ಎರಡು ಇಂಚು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ದಣಿವಾದರೆ ಇನ್ನೊಬ್ಬರು ಒತ್ತಲಿ. ಪಕ್ಕೆಲುಬು ಮುರಿದರೆ ಅಂತ ಹೆದರುತ್ತೀರಲ್ವಾ? ಮುರಿದ ಎಲುಬು ಕೂಡುತ್ತದೆ.

ಫಿಟ್ಸ್ ಬಂದವರ ಕೈಗೆ ಕೀಲಿ, ಬಾಯಿಗೆ ಚಮಚ ಎರಡೂ ಬೇಡ. ತಲೆಗೆ ಏಟಾಗದಂತೆ ನೋಡಿಕೊಳ್ಳಿ, 5 ನಿಮಿಷ ದಾಟಿದರೆ 108.

ಹತ್ತಿ ಹೊಲಕ್ಕೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುತ್ತಾ ಬಿದ್ದವರ ಬಾಯಲ್ಲಿ ಜೊಲ್ಲು ಸುರಿಯುತ್ತಿದ್ದರೆ ಅದು ಬಿಸಿಲಿನ ಬವಳಿ ಅಲ್ಲ, ವಿಷ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬಟ್ಟೆ ತೆಗೆಯಿರಿ, ಮೈ ತೊಳೆಯಿರಿ, ವಾಂತಿ ಮಾಡಿಸಬೇಡಿ. ಡಬ್ಬಿ ತಪ್ಪದೆ ತನ್ನಿ, ಅದನ್ನು ನೋಡಿಯೇ ನಾವು ಔಷಧಿ ಕೊಡುವುದು.

ಮೈ ಕಾದ ಹಂಚಿನಂತಿದ್ದು, ಏನೇನೋ ಬಡಬಡಿಸಿ ಬಿದ್ದವರಿಗೆ ಮಾತ್ರ ನೀರು ಬೇಕೇ ಬೇಕು, ಆದರೆ ಮೈಮೇಲೆ. ನೆರಳಿಗೆ ಎಳೆದು, ಕೊಡಗಟ್ಟಲೆ ಸುರಿದು, ಟವೆಲ್‌ನಿಂದ ಗಾಳಿ ಬೀಸಿ. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ.