ಡ್ರೈನ್ ಬೋಲ್ಟ್ ಬಿಚ್ಚಿದ ಮೇಲೆ

ಸ್ಪೋರ್ಟ್ಸ್ ಕಾರಿನ ಆಯಿಲ್ ಬದಲಿಸುವಾಗ ಅರ್ಧ ಕಷ್ಟ ಕಾರಿನ ಅಡಿಗೆ ನುಗ್ಗುವುದರಲ್ಲೇ ಇದೆ. ನೆಲಕ್ಕೆ ಅಂಟಿಕೊಂಡ ಹಾಗೆ ಕೂತಿರುವ ಗಾಡಿ, ಎಷ್ಟೋ ಸಲ ಜಾಕ್ ಕೂಡ ಒಳಗೆ ಹೋಗುವುದಿಲ್ಲ. ಮೊದಲು ಚಕ್ರಗಳನ್ನು ಹಲಗೆ ಮೇಲೆ ಹತ್ತಿಸಿ, ಆಮೇಲೆ ಜಾಕ್ ಏರಿಸಿ, ಸ್ಟ್ಯಾಂಡ್ ಕೊಡಬೇಕು. ಬರೀ ಜಾಕ್ ನಂಬಿ ಕೆಳಗೆ ಮಲಗುವ ಮಾತೇ ಬೇಡ. ತಳದ ಹೊದಿಕೆಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಮುಗಿಸಿದ ಮೇಲೆ ಕಾಣುವುದು ಒಂದೇ ಒಂದು ಬೋಲ್ಟ್.

ಅದನ್ನು ಬಿಚ್ಚಿದ ಕೂಡಲೇ ಎಣ್ಣೆ ನಾವು ಎಣಿಸಿದ್ದಕ್ಕಿಂತ ಒಂದು ಗೇಣು ದೂರಕ್ಕೆ ಚಿಮ್ಮುತ್ತದೆ. ಒಳಗಿನ ಮಟ್ಟ ಇಳಿದ ಹಾಗೆ ಧಾರೆ ಹಿಂದಕ್ಕೆ ಸರಿಯುತ್ತದೆ. ಅದರ ಹಿಂದೆ ನಾವು ಟ್ರೇ ಎಳೆದುಕೊಂಡು ಹೋಗಬೇಕು. ಇಂಜಿನ್ ಉಗುರುಬೆಚ್ಚಗಿದ್ದರೆ ಸಾಕು. ಎಣ್ಣೆ ಸಲೀಸಾಗಿ ಇಳಿಯುತ್ತದೆ, ಕೈಯೂ ಸುಡುವುದಿಲ್ಲ. ಗ್ಲೌಸ್ ಮಾತ್ರ ಬೇಕೇ ಬೇಕು, ಹಳೆ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ.

ಮೊದಲ ಸಲ ನೋಡಿದವರು 'ಅಯ್ಯೋ, ಇಷ್ಟು ಕಪ್ಪಾ!' ಅನ್ನುತ್ತಾರೆ. ಕಪ್ಪಾಗಿದೆ ಅಂದರೆ ಆಯಿಲ್ ಕೆಲಸ ಮಾಡಿದೆ ಅಂತಲೇ ಅರ್ಥ. ಅದರಲ್ಲಿ ಬೆರೆಸಿರುವ ಕೆಲವು ರಾಸಾಯನಿಕಗಳು ಮಸಿಯ ಕಣಗಳನ್ನು ಒಂದಕ್ಕೊಂದು ಅಂಟಲು ಬಿಡದೆ ತೇಲಿಸಿಟ್ಟುಕೊಳ್ಳುತ್ತವೆ. ಇಲ್ಲದಿದ್ದರೆ ಆ ಮಸಿ ಇಂಜಿನ್ ಒಳಗೇ ಜಿಡ್ಡಾಗಿ ಕೂರುತ್ತಿತ್ತು. ಹಾಗಾಗಿ ಬಣ್ಣ ನೋಡಿ ಆಯಿಲ್ ಹಾಳಾಗಿದೆ ಎನ್ನಲು ಬರುವುದಿಲ್ಲ. ನಿಜವಾದ ಹಾಳು ಕಣ್ಣಿಗೆ ಕಾಣುವುದಿಲ್ಲ.

ಅದು ಗೊತ್ತಾಗಬೇಕಾದರೆ ಆಯಿಲ್ ಒಳಗೆ ಏನು ಮಾಡುತ್ತದೆ ಅಂತ ತಿಳಿಯಬೇಕು. ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಕತೆ ಇದೆ. 1883ರ ಸುಮಾರಿಗೆ ಬ್ರಿಟನ್ನಿನಲ್ಲಿ ಬೋಶಾಂಪ್ ಟವರ್ ಎಂಬ ಇಂಜಿನಿಯರ್ ರೈಲಿನ ಅಚ್ಚುಗಳ ಬೇರಿಂಗ್, ಅಂದರೆ ಅಚ್ಚಿನ ಭಾರ ಹೊತ್ತು ಅದನ್ನು ತಿರುಗಲು ಬಿಡುವ ಭಾಗ, ಪರೀಕ್ಷಿಸುತ್ತಿದ್ದ. ಅಚ್ಚು ಎಣ್ಣೆಯಲ್ಲಿ ಅದ್ದಿಕೊಂಡು ತಿರುಗುತ್ತಿತ್ತು. ಮೇಲಿನಿಂದ ಎಣ್ಣೆ ಬಿಡಲೆಂದು ಬೇರಿಂಗಿಗೆ ಒಂದು ತೂತು ಕೊರೆದ. ಎಣ್ಣೆ ಒಳಗೆ ಇಳಿಯುವ ಬದಲು ಹೊರಗೆ ಉಕ್ಕಿತು! ಬಿರಡೆ ಜಡಿದ, ಬಿರಡೆ ಹೊರಗೆ ಬಂತು. ಮರದ ಗೂಟ ಹೊಡೆದ, ಅದೂ ಬಂತು. ಕೊನೆಗೆ ಒತ್ತಡ ಅಳೆಯುವ ಗೇಜ್ ಕೂರಿಸಿ ನೋಡಿದರೆ, ಎಣ್ಣೆಯ ಒತ್ತಡ ಬೇರಿಂಗ್ ಮೇಲಿನ ಸರಾಸರಿ ಒತ್ತಡದ ಎರಡರಷ್ಟಕ್ಕೂ ಜಾಸ್ತಿ. 1886ರಲ್ಲಿ ಆಸ್ಬರ್ನ್ ರೇನಾಲ್ಡ್ಸ್ ಎಂಬ ವಿಜ್ಞಾನಿ ಇದಕ್ಕೆ ಲೆಕ್ಕ ಕೊಟ್ಟ. ತಿರುಗುವ ಅಚ್ಚು ತನ್ನ ಮೈಗಂಟಿದ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದುಕೊಂಡು ಹೋಗುತ್ತದೆ. ಎಣ್ಣೆ ಬೆಣೆಯ ಹಾಗೆ ನುಗ್ಗಿ ಅಚ್ಚನ್ನೇ ಎತ್ತಿ ಹಿಡಿಯುತ್ತದೆ. ಲೋಹಕ್ಕೆ ಲೋಹ ತಾಗುವುದೇ ಇಲ್ಲ.

ಪಿಸ್ಟನ್‌ಗಳು ತಿರುಗಿಸುವ ಇಂಜಿನ್ ಅಚ್ಚು, ನಿಮ್ಮ ಕಾರಿನ ಕ್ರ್ಯಾಂಕ್‌ಶಾಫ್ಟ್, ನಿಂತಿರುವುದೂ ಹೀಗೇ. ನಿಮಿಷಕ್ಕೆ 7200 ಸುತ್ತು ಅಂದರೆ ಸೆಕೆಂಡಿಗೆ 120. ಭಾರ ಬೀಳುವ ಜಾಗದಲ್ಲಿ ಎಣ್ಣೆಯ ಪದರ ತಲೆಕೂದಲಿಗಿಂತ ಎಷ್ಟೋ ತೆಳು. ಆಯಿಲ್ ಸ್ವಲ್ಪ ತೆಳ್ಳಗಾದರೂ ಆ ಬೆಣೆ ಸೋಲುತ್ತದೆ. ಸ್ಪೋರ್ಟ್ಸ್ ಕಾರಿಗೆ ಇನ್ನೊಂದು ಕಾಟವೂ ಇದೆ. ತಿರುವಿನಲ್ಲಿ ಪಕ್ಕಕ್ಕೆ ಎಳೆಯುವ ಬಲ ಗುರುತ್ವದಷ್ಟೇ ಆದರೆ ಇಂಜಿನ್ ತಳದ ಎಣ್ಣೆ ಬಟ್ಟಲಾದ ಸಂಪ್‌ನಲ್ಲಿರುವ ಎಣ್ಣೆ 45 ಡಿಗ್ರಿ ವಾಲುತ್ತದೆ. ಪಂಪಿನ ಬಾಯಿಗೆ ಗಾಳಿ ಸಿಕ್ಕಿತೋ, ಕತೆ ಮುಗಿಯಿತು. ಅದಕ್ಕೇ ಕೆಲವು ಕಾರುಗಳಲ್ಲಿ ಎಣ್ಣೆಗೆ ಬೇರೆ ಟ್ಯಾಂಕೇ ಇರುತ್ತದೆ. ಗಾಳಿಯಿಂದ ತಂಪಾಗುವ ಹಳೆಯ ಪೋರ್ಷೆ 911ರಲ್ಲಿ ಟ್ಯಾಂಕಿನಿಂದ ಒಮ್ಮೆ, ಇಂಜಿನ್‌ನಿಂದ ಒಮ್ಮೆ ಆಯಿಲ್ ಇಳಿಸಬೇಕು. ಎಣ್ಣೆಯ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್, ನೋಡುವುದು ಬಿಸಿ ಇಂಜಿನ್ ಓಡುತ್ತಿರುವಾಗ.

ಆಯಿಲ್ ತೆಳ್ಳಗಾಗುವುದು ಯಾಕೆ? ಡಬ್ಬದ ಮೇಲೆ 5ಡಬ್ಲ್ಯು-30 ಅಂತ ಇರುತ್ತಲ್ಲ, ಆ ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಚಳಿಯಲ್ಲಿ ಗಟ್ಟಿಯಾಗದೆ, ಬಿಸಿಯಲ್ಲಿ ತೀರಾ ತೆಳುವಾಗದೆ ಇರಲಿ ಅಂತ ಅದರಲ್ಲಿ ಉದ್ದನೆಯ ಪಾಲಿಮರ್ ಎಳೆಗಳನ್ನು ಬೆರೆಸುತ್ತಾರೆ. ತಣ್ಣಗಿದ್ದಾಗ ಮುದುಡಿಕೊಂಡಿರುತ್ತವೆ, ಬಿಸಿಯಾದಾಗ ಬಿಚ್ಚಿಕೊಳ್ಳುತ್ತವೆ. ಬೇರಿಂಗ್, ಗೇರುಗಳ ನಡುವೆ ಅರೆದು ಅರೆದು ಅವು ತುಂಡಾಗುತ್ತವೆ. ಜೊತೆಗೆ ಉರಿಯದ ಪೆಟ್ರೋಲ್ ಬಂದು ಸೇರುತ್ತದೆ. ನೀರೂ ಸೇರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರಿನಷ್ಟು ಆವಿ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ಪಿಸ್ಟನ್ ಸಂದಿಯಿಂದ ಕೆಳಗೆ ನುಸುಳುತ್ತದೆ. ದೂರ ಓಡಿಸಿದರೆ ಇವೆರಡೂ ಬಹುಪಾಲು ಆರಿಹೋಗುತ್ತವೆ. ತಿಂಗಳಿಗೊಮ್ಮೆ ಸುಮ್ನೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಕಾರಿನಲ್ಲಿ ಉಳಿದುಬಿಡುತ್ತವೆ. ಮುದ್ದಾಗಿ ಇಟ್ಟ ಕಾರಿನ ಆಯಿಲ್ ಹಾಳಾಗುವುದು ಹೀಗೆ.

ಬೋಲ್ಟ್ ವಾಪಸ್ ಹಾಕುವಾಗ ಹೊಸ ವಾಷರ್ ಹಾಕಿ. ತಾಮ್ರದ ವಾಷರ್ ಮೆತ್ತಗಿರುವುದರಿಂದ ಒತ್ತಿದಾಗ ಸಂದುಗೊಂದು ತುಂಬಿಕೊಳ್ಳುತ್ತದೆ. ಒಮ್ಮೆ ಅಮುಕಿದ ಮೇಲೆ ಗಟ್ಟಿಯಾಗುತ್ತದೆ. ಬಿಗಿಯನ್ನು ಅಂದಾಜಿಗೆ ಬಿಡದೆ, ಬಿಗಿಸುವ ಬಲ (ಟಾರ್ಕ್) ಅಳೆಯುವ ಟಾರ್ಕ್ ರೆಂಚ್ ಹಿಡಿಯಿರಿ. ಅಲ್ಯೂಮಿನಿಯಂ ಸಂಪ್‌ನ ತೂತಿನೊಳಗಿನ ತಿರುಪು ಗೆರೆ ಒಮ್ಮೆ ಕಿತ್ತುಬಂದರೆ ಆ ದಿನದ ಖುಷಿಯೆಲ್ಲ ಅಲ್ಲಿಗೇ ಮುಗಿಯಿತು.

ಪ್ರತಿ ಸಲದ ಕೆಲಸವನ್ನೂ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ನನಗೆ ಬಂದದ್ದು ಒಂದು ಎಡವಟ್ಟಿನಿಂದ. ಹೊಸ ಆಯಿಲ್ ಫಿಲ್ಟರ್ ಹಾಕಿ ಸ್ಟಾರ್ಟ್ ಮಾಡಿದೆ, ನೆಲದ ತುಂಬ ಎಣ್ಣೆ! ಹಳೆ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡು ಉಳಿದಿತ್ತು. ಅದರ ಮೇಲೇ ಹೊಸದನ್ನು ಕೂರಿಸಿದ್ದೆ. ತಮಾಷೆ ಅಂದರೆ, ಬಿಚ್ಚಿದ ಫಿಲ್ಟರಿನ ಫೋಟೊ ಆಗಲೇ ತೆಗೆದಿದ್ದೆ. ಅದರಲ್ಲಿ ರಿಂಗ್ ಇಲ್ಲದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ತೆಗೆದಿದ್ದೆ, ನೋಡಿರಲಿಲ್ಲ.

ಈಗ ಪಟ್ಟಿಯಲ್ಲಿ 'ರಿಂಗ್ ಬಂತಾ?' ಅನ್ನುವುದೇ ಮೊದಲ ಸಾಲು. ಆಮೇಲೆ ತಾರೀಕು, ಕಿಲೋಮೀಟರ್, ಆಯಿಲ್ ಗ್ರೇಡ್, ಬೋಲ್ಟಿನ ಟಾರ್ಕ್. ಇಳಿಸಿದ ಎಣ್ಣೆಯನ್ನು ಅಳತೆ ಡಬ್ಬಕ್ಕೆ ಸುರಿದು ಎಷ್ಟು ಬಂತು ಅಂತ ಬರೆಯುತ್ತೇನೆ. ಆರು ಲೀಟರ್ ಹಾಕಿದ್ದು ಐದೂವರೆ ಬಂದರೆ ಉಳಿದದ್ದು ಎಲ್ಲಿಗೆ ಹೋಯಿತು ಅಂತ ಹುಡುಕಬೇಕು, ಅಲ್ವಾ? ಫಿಲ್ಟರ್ ಕತ್ತರಿಸಿ ಒಳಗಿನ ಮಡಿಕೆಗಳನ್ನು ಬಿಳಿ ಕಾಗದದ ಮೇಲೆ ಹರಡುತ್ತೇನೆ. ಮಿನುಗುವ ಚೂರು ಕಂಡರೆ ಅಯಸ್ಕಾಂತ ಹಿಡಿಯುತ್ತೇನೆ. ಅಂಟಿದರೆ ಕಬ್ಬಿಣ ಅಥವಾ ಉಕ್ಕು, ಅಂಟದಿದ್ದರೆ ಬೇರಿಂಗ್ ಲೋಹವೋ ಅಲ್ಯೂಮಿನಿಯಮ್ಮೋ ಇರಬಹುದು. ಲ್ಯಾಬಿಗೆ ಸ್ಯಾಂಪಲ್ ಕಳಿಸಿದರೆ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಕಬ್ಬಿಣ, ಎಷ್ಟು ತಾಮ್ರ ಅಂತ ಹೇಳುತ್ತಾರೆ. ಆದರೆ ಒಂದು ಸಲದ ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಹೋದ ಸಲಕ್ಕಿಂತ ತಾಮ್ರ ಮೂರುಪಟ್ಟು ಏರಿದೆ ಅಂದಾಗ ಎದೆ ಧಸಕ್ಕೆನ್ನಬೇಕು. ಆ 'ಹೋದ ಸಲ' ಇರುವುದು ಪುಸ್ತಕದಲ್ಲಿ ಮಾತ್ರ.

ಹಳೆ ಆಯಿಲ್ ಚರಂಡಿಗಲ್ಲ, ಮುಚ್ಚಳ ಬಿಗಿದು ಮರುಬಳಕೆಯವರಿಗೆ. ಕೆಲಸ ಮುಗಿದ ರಾತ್ರಿ ಇಂಜಿನ್ ಅಡಿಗೆ ಒಂದು ರಟ್ಟು ಹಾಸಿ ಮಲಗುತ್ತೇನೆ. ಈ ಸಲ ಬೆಳಗ್ಗೆ ಎದ್ದು ನೋಡಿದರೆ ರಟ್ಟಿನ ಮೇಲೆ ಒಂದು ತೊಟ್ಟೂ ಇರಲಿಲ್ಲ. ಅದನ್ನೂ ಬರೆದೆ.