ಸ್ಕೂಲ್ ವೌಚರ್: ಒಂದು ವರ್ಷದ ಮಾರ್ಕ್ಸ್ ನೋಡಿ ತೀರ್ಪು ಕೊಡೋದು ಸರಿನಾ?

ಸರ್ಕಾರ ಮಗುವಿನ ಹೆಸರಲ್ಲಿ ಫೀಸಿಗೆ ವೌಚರ್ ಕೊಟ್ಟು, ಬೇಕಾದ ಪ್ರೈವೇಟ್ ಸ್ಕೂಲಿಗೆ ಸೇರಿಸ್ಕೊಳ್ಳಿ ಅಂದ್ರೆ ಓದು ಸುಧಾರಿಸುತ್ತಾ? ವೌಚರ್ ತಗೊಂಡವರನ್ನ ತಗೊಳ್ಳದವರ ಜೊತೆ ಸುಮ್ನೆ ಹೋಲಿಸಿದ್ರೆ ಗೊತ್ತಾಗಲ್ಲ, ಯಾಕಂದ್ರೆ ಅರ್ಜಿ ಹಾಕೋ ಅಪ್ಪ ಅಮ್ಮ ಮಕ್ಕಳ ಓದಿನ ಬಗ್ಗೆ ಮೊದಲೇ ಜಾಸ್ತಿ ತಲೆ ಕೆಡಿಸ್ಕೊಂಡಿರ್ತಾರೆ. ಅದಕ್ಕೇ ಅರ್ಜಿಗಳು ಹೆಚ್ಚಾದಾಗ ಎತ್ತೋ ಲಾಟರಿ ಸಂಶೋಧಕರಿಗೆ ತುಂಬಾ ಮುಖ್ಯ, ಗೆದ್ದವರು ಸೋತವರು ಇಬ್ಬರೂ ಒಂದೇ ಥರದ ಮನೆಯವರಾಗಿರ್ತಾರೆ. ಗೆದ್ದ ಮಗು ನಡುವೆ ಸ್ಕೂಲ್ ಬಿಟ್ರೂ ಗೆದ್ದವರ ಲೆಕ್ಕದಲ್ಲೇ ಇಡಬೇಕು, ಇಲ್ಲಾಂದ್ರೆ ಗಟ್ಟಿಯಾಗಿ ನಿಂತವರನ್ನ ಮಾತ್ರ ಎಣಿಸಿದಂಗಾಗುತ್ತೆ.

ಆದ್ರೆ ಯಾವಾಗ ಅಳೀತೀವಿ ಅನ್ನೋದು ಇನ್ನೂ ದೊಡ್ಡ ಪ್ರಶ್ನೆ. ಅಮೆರಿಕದ ಲೂಸಿಯಾನಾದಲ್ಲಿ 2012ರಲ್ಲಿ ಸ್ಕೀಮ್ ಇಡೀ ರಾಜ್ಯಕ್ಕೆ ಬಂದಾಗ ಗೆದ್ದ ಮಕ್ಕಳ ಗಣಿತದ ಮಾರ್ಕ್ಸ್ ಮೊದಲ ವರ್ಷವೇ ಜೋರಾಗಿ ಬಿತ್ತು. ಇನ್ನೊಂದು ಕಡೆ ವಾಷಿಂಗ್ಟನ್ ಡಿಸಿಯಲ್ಲಿ 2004ರಲ್ಲಿ ಶುರುವಾದ ಸ್ಕೀಮಿನಲ್ಲಿ ಟೆಸ್ಟ್ ಮಾರ್ಕ್ಸ್ ಏರಿದ್ದಕ್ಕೆ ಖಚಿತ ಪುರಾವೆ ಸಿಗಲಿಲ್ಲ, ಆದ್ರೆ ಹೈಸ್ಕೂಲ್ ಮುಗಿಸಿದವರು ಸೋತವರಲ್ಲಿ 70% ಇದ್ರೆ ವೌಚರ್ ಸಿಕ್ಕವರಲ್ಲಿ 82% ಇದ್ರು. ಮಾರ್ಕ್ಸ್ ಮಾತ್ರ ನೋಡಿ ಫೈಲ್ ಮುಚ್ಚಿದ್ರೆ ಇದು ಯಾರ ಕಣ್ಣಿಗೂ ಬೀಳ್ತಿರಲಿಲ್ಲ.

ನನಗೆ ತುಂಬಾ ಹಿಡಿಸಿದ್ದು ಆಂಧ್ರಪ್ರದೇಶದ ಪ್ರಯೋಗ. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್, ವೆಂಕಟೇಶ್ ಸುಂದರರಾಮನ್ ಅಲ್ಲಿ ಎರಡು ಸಲ ಲಾಟರಿ ಮಾಡಿದ್ರು, ಮೊದಲು ಹಳ್ಳಿಗಳಿಗೆ, ಆಮೇಲೆ ಆ ಹಳ್ಳಿಗಳ ಮಕ್ಕಳಿಗೆ. ಹೀಗೆ ಮಾಡಿದ್ರಿಂದ ವೌಚರ್ ಬರದ ಹಳ್ಳಿಗಳ ಜೊತೆ ಹೋಲಿಸಿ, ಸರ್ಕಾರಿ ಶಾಲೆಯಲ್ಲೇ ಉಳಿದ ಮಕ್ಕಳಿಗೆ ಏಟು ಬಿತ್ತಾ ಅನ್ನೋದನ್ನೂ ನೋಡೋಕಾಯ್ತು, ಬಿದ್ದಿರಲಿಲ್ಲ. ನಾಲ್ಕು ವರ್ಷ ಆದ್ಮೇಲೆ ತೆಲುಗು, ಗಣಿತದಲ್ಲಿ ವ್ಯತ್ಯಾಸ ಇಲ್ಲ, ಹಿಂದಿಯಲ್ಲಿ ಮಾತ್ರ ಗೆದ್ದವರು ಚೆನ್ನಾಗಿ ಮುಂದೆ. ಪ್ರೈವೇಟ್ ಸ್ಕೂಲುಗಳು ತೆಲುಗು, ಗಣಿತಕ್ಕೆ ಕಡಿಮೆ ಟೈಮ್ ಕೊಟ್ಟು ಅಷ್ಟೇ ಫಲಿತಾಂಶ ತಂದಿದ್ವು, ಅದೂ ಒಂದು ಮಗುವಿಗೆ ಸರ್ಕಾರಿ ಶಾಲೆಯ ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಲ್ಲಿ. ಇದನ್ನ ಗೆಲುವು ಅನ್ನೋದಾ ಸೋಲು ಅನ್ನೋದಾ? ಯಾವ ವಿಷಯ, ಯಾವ ಖರ್ಚು ಲೆಕ್ಕಕ್ಕೆ ತಗೋತೀವಿ ಅನ್ನೋದರ ಮೇಲೆ ಹೋಗುತ್ತೆ.

ಕೊಲಂಬಿಯಾ 1991ರಲ್ಲಿ ಶುರು ಮಾಡಿದ ಸ್ಕೀಮಿನಲ್ಲಿ ಮಗು ಪಾಸಾಗ್ತಾ ಹೋದ್ರೆ ಮಾತ್ರ ವೌಚರ್ ಮುಂದುವರೀತಿತ್ತು. ವರ್ಷಗಳಾದ ಮೇಲೆ ಸಂಶೋಧಕರು ಅರ್ಜಿಯಲ್ಲಿದ್ದ ಗುರುತಿನ ನಂಬರ್ ಹಿಡಿದು ಕಾಲೇಜ್ ಪ್ರವೇಶ ಪರೀಕ್ಷೆಯ ದಾಖಲೆ ಹುಡುಕಿದ್ರು, ಗೆದ್ದವರಲ್ಲಿ ಹೈಸ್ಕೂಲ್ ಮುಗಿಸೋ ಪ್ರಮಾಣ 15 ರಿಂದ 20% ಹೆಚ್ಚಿತ್ತು. ಸೋತವರ ನಂಬರನ್ನೂ ಜೋಪಾನ ಮಾಡಿದ್ರಿಂದಲೇ ಇದು ಸಾಧ್ಯವಾಗಿದ್ದು. ಹೊಸ ಸ್ಕೀಮ್ ತರೋ ಯಾವ ಸರ್ಕಾರವೇ ಆಗಲಿ, ಮೊದಲ ದಿನದಿಂದಲೇ ಗೆದ್ದವರ, ಸೋತವರ ಎರಡೂ ಪಟ್ಟಿ ಇಟ್ಕೋಬೇಕು.